ನಾಯಿ, ಬೆಕ್ಕು ಇರುವ ಮನೆಗೆ ಯಾವ ನೆಲ ಒಳ್ಳೆಯದು?

ಹೊಳಪಿಲ್ಲದ, ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ಸ್ ಹಾಕಿಸಿ, ಸಂದುಗಳಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ. ಎರಡನೆಯದೇ ಹೆಚ್ಚು ಮುಖ್ಯ, ಜನ ಮರೆಯುವುದೂ ಅದನ್ನೇ.

ಕಾರಣ ಉಚ್ಚೆ. ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ. ಆದರೆ ಸಂದಿಗೆ ಮೇಸ್ತ್ರಿ ಬಳಿಯುವ ಬಿಳಿ ಸಿಮೆಂಟ್ ಹೀರುತ್ತದೆ. ಒಳಗಿಳಿದ ವಾಸನೆ ಎಷ್ಟು ಒರೆಸಿದರೂ ಹೋಗದು. ನಾಯಿ ಅದನ್ನೇ ಮೂಸಿ ಮತ್ತೆ ಅಲ್ಲೇ ಕಾಲೆತ್ತುತ್ತದೆ. ಎಪಾಕ್ಸಿ ಒಂದು ಬಗೆಯ ರಾಳ, ಹೀರುವುದಿಲ್ಲ. ಗೋಡೆ ಬುಡದ ಸ್ಕರ್ಟಿಂಗ್ ಸಂದಿಗೂ ಅದೇ ಇರಲಿ. ಟೈಲ್‌ಗಳ ನಡುವೆ 2ರಿಂದ 3 ಮಿ.ಮೀ. ಜಾಗ ಬಿಡಿಸಿ. ಜಾಗವಿಲ್ಲದೆ ಒತ್ತಿ ಕೂರಿಸಿದರೆ ಗ್ರೌಟ್ ಒಳಗೆ ಇಳಿಯುವುದಿಲ್ಲ. ಎಪಾಕ್ಸಿ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು, ಟೈಲ್ ಮೇಲೆ ಬಿದ್ದದ್ದನ್ನು ಆಗಲೇ ಒರೆಸಬೇಕು.

ಹೊಳೆಯುವ ಟೈಲ್ ಬೇಡ. ಹಿಡಿತ ಸಿಗದೆ ನಾಯಿಯ ಕಾಲು ಅಗಲಕ್ಕೆ ಜಾರುತ್ತದೆ, ವಯಸ್ಸಾದ ನಾಯಿಗೆ ಸೊಂಟದ ಕೀಲಿಗೇ ಪೆಟ್ಟು. ತೀರಾ ಒರಟು ಪಾರ್ಕಿಂಗ್ ಟೈಲೂ ಬೇಡ, ಕೂದಲು ಸಿಕ್ಕಿಕೊಳ್ಳುತ್ತದೆ. ಮಾರ್ಬಲ್ ಕಲೆ ಹಿಡಿಯುತ್ತದೆ. ಲ್ಯಾಮಿನೇಟ್ ಮರದ ನೆಲಕ್ಕೆ ಗೀರು ಬೀಳಲ್ಲ ಅನ್ನುತ್ತಾರೆ ಅಂಗಡಿಯವರು, ಒಂದು ಮಟ್ಟಿಗೆ ನಿಜವೇ. ಆದರೆ ಉಚ್ಚೆ ಜೋಡಣೆಯೊಳಗಿಳಿದು ಹಲಗೆ ಉಬ್ಬಿದರೆ ಅದನ್ನು ಬದಲಿಸುವುದೊಂದೇ ದಾರಿ.

ಈಗಾಗಲೇ ನುಣುಪಾದ ಗ್ರಾನೈಟ್ ಇದ್ದರೆ ಕೀಳಿಸಬೇಡಿ. ಓಡಾಡುವ ಕಡೆ ರಬ್ಬರ್ ತಳದ ಮ್ಯಾಟ್ ಹಾಸಿ, ಪಂಜದಡಿಯ ಕೂದಲು ಕತ್ತರಿಸಿ. ಬೆಕ್ಕಿದ್ದರೆ ಫಿನಾಯಿಲ್‌ನಲ್ಲಿ ಒರೆಸುವುದನ್ನು ಬಿಡಿ. ಪಂಜ ನೆಕ್ಕಿದಾಗ ಅದು ಹೊಟ್ಟೆಗೆ ಹೋಗುತ್ತದೆ, ಅದರ ವಿಷವನ್ನು ಕಳೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.