ನಾಲ್ವರು, ಒಂದೇ ಸಹಿ: ಕ್ಲ್ಯಾಂಪ್ ಬಗ್ಗೆ ನೀವು ಕೇಳಿದ್ದು

ಈ ಸಲ ಪ್ರಶ್ನೆಗಳೆಲ್ಲ ಒಂದೇ ಕಡೆ ಬಂದು ನಿಂತಿವೆ, ಮಾಂಗಾ ಅಂದ್ರೆ ಜಪಾನಿ ಕಾಮಿಕ್ಸ್ ಮಾಡೋ ಕ್ಲ್ಯಾಂಪ್. ಅನಿಮೆ, ಅಂದ್ರೆ ಜಪಾನಿ ಕಾರ್ಟೂನ್, ನೋಡೋ ಹುಡುಗ್ರು ಕೇಳಿದ್ದಾರೆ, ಅವರ ಅಪ್ಪ ಅಮ್ಮಂದಿರೂ ಕೇಳಿದ್ದಾರೆ. ಒಂದೇ ಥರ ಇದ್ದಿದ್ದನ್ನ ಸೇರಿಸಿಬಿಟ್ಟಿದ್ದೀನಿ, ನಿಮ್ಮ ಪ್ರಶ್ನೆ ಕಾಣ್ಲಿಲ್ಲ ಅಂದ್ರೆ ಯಾವುದೋ ಉತ್ತರದ ಒಳಗೆ ಇದ್ದೇ ಇರುತ್ತೆ, ಹುಡುಕಿ.

ಪ್ರಶ್ನೆ: ಪುಸ್ತಕದ ಮೇಲೆ ಬರೀ ಕ್ಲ್ಯಾಂಪ್ ಅಂತಷ್ಟೇ ಇರುತ್ತೆ. ಯಾರು ಸಾರ್ ಇವರು, ಒಬ್ಬರಾ, ಕಂಪನಿನಾ?

ಉತ್ತರ: ನಾಲ್ಕು ಜನ ಹೆಂಗಸರ ಗುಂಪು. ಅಗೆಹಾ ಓಕಾವಾ, ಮೊಕೊನಾ, ತ್ಸುಬಾಕಿ ನೆಕೊಯಿ, ಸಾತ್ಸುಕಿ ಇಗರಾಶಿ. 1980ರ ದಶಕದ ಮಧ್ಯದಲ್ಲಿ ಒಸಾಕಾ ಕಡೆ ಶುರುವಾದಾಗ ಹತ್ತಕ್ಕಿಂತ ಜಾಸ್ತಿ ಜನ ಇದ್ರು, ಆಗ ಮಾಡ್ತಿದ್ದಿದ್ದು ದೋಜಿನ್‌ಶಿ, ಅಂದ್ರೆ ಅಭಿಮಾನಿಗಳು ಹೆಚ್ಚಾಗಿ ತಮಗಿಷ್ಟವಾದ ಕಥೆಯ ಪಾತ್ರಗಳನ್ನ ಇಟ್ಕೊಂಡು ತಾವೇ ಬರೆದು ತಾವೇ ಅಚ್ಚು ಹಾಕಿಸಿ ಮಾರೋ ಪುಸ್ತಕ. ಜಪಾನಲ್ಲಿ ಇದಕ್ಕೆ ಅಂತಾನೇ ಕಾಮಿಕೆಟ್ ಅನ್ನೋ ದೊಡ್ಡ ಸಂತೆ 1975ರಿಂದ ನಡೀತಿದೆ, ಎಷ್ಟೋ ಪ್ರೊಫೆಷನಲ್ ಮಾಂಗಾ ಕಲಾವಿದರು ಅಲ್ಲಿಂದಲೇ ಬಂದೋರು. ಇವರು 1989ರಲ್ಲಿ ವಿಂಗ್ಸ್ ಅನ್ನೋ ಪತ್ರಿಕೆಲಿ ಆರ್‌ಜಿ ವೇದ ಶುರು ಮಾಡಿದ್ರು, ಅಲ್ಲಿಂದ ಒಬ್ಬೊಬ್ಬರೇ ಬಿಟ್ಟು ಹೋಗ್ತಾ 1993ರ ಹೊತ್ತಿಗೆ ಈ ನಾಲ್ವರು ಉಳಿದ್ರು. ಅವತ್ತಿಂದ ಇವತ್ತಿನ ತನಕ ಅದೇ ನಾಲ್ವರು, ಇದು ನನಗೆ ಅವರ ಯಾವ ಪುಸ್ತಕಕ್ಕಿಂತಲೂ ದೊಡ್ಡ ಪವಾಡ ಅನ್ಸುತ್ತೆ. ಹಳೇ ಪ್ರತಿಗಳಲ್ಲಿ ನಾನಾಸೆ ಓಕಾವಾ, ಮಿಕ್ ನೆಕೊಯಿ ಅಂತ ಕಂಡ್ರೆ ಗಾಬರಿ ಬೇಡ, 2004ರಲ್ಲಿ ಹದಿನೈದನೇ ವರ್ಷದ ನೆಪದಲ್ಲಿ ಹೆಸರು ಬದಲಾಯಿಸ್ಕೊಂಡ್ರು ಅಷ್ಟೇ, ಆಳು ಅದೇ.

ಪ್ರಶ್ನೆ: ನಾಲ್ಕು ಜನ ಸೇರಿ ಒಂದು ಚಿತ್ರ ಹೇಗೆ ಬರೀತಾರೆ? ಮತ್ತೆ ಒಂದೊಂದು ಪುಸ್ತಕದಲ್ಲಿ ಚಿತ್ರದ ಶೈಲಿ ಒಂದೊಂದು ಥರ ಇದ್ಯಲ್ಲ, ನಿಜವಾಗ್ಲೂ ಇವರೇ ಬರೆದಿದ್ದಾ ಅಂತ ನಮ್ಮ ಗೆಳೆಯರಲ್ಲಿ ಜಗಳ.

ಉತ್ತರ: ಜಗಳ ಆಗೋದು ಸಹಜ. ಕಥೆ, ಮಾತು, ಒಟ್ಟು ಕಟ್ಟಡ ಎಲ್ಲ ಓಕಾವಾ ಅವರದ್ದು, ಸಿನಿಮಾದಲ್ಲಿ ಡೈರೆಕ್ಟರ್ ಇರ್ತಾರಲ್ಲ ಹಾಗೆ. ಚಿತ್ರದ ಕೆಲಸ ಮಿಕ್ಕ ಮೂವರದ್ದು, ಆದ್ರೆ ಇವರು ಇದನ್ನೇ ಮಾಡ್ಬೇಕು ಅಂತ ಶಾಶ್ವತವಾಗಿ ಹಂಚಿಟ್ಟಿಲ್ಲ, ಕಥೆ ನೋಡ್ಕೊಂಡು ಕೆಲಸ ಹಂಚ್ತಾರೆ. ಬಹಳಷ್ಟು ದೊಡ್ಡ ಕೃತಿಗಳಲ್ಲಿ ಮುಖ್ಯ ಚಿತ್ರ ಮೊಕೊನಾ ಅವರದ್ದು, ಆದ್ರೆ ವಿಶ್, ಲೀಗಲ್ ಡ್ರಗ್ ಥರದ್ದು ತೆಗೆದ್ರೆ ಅಲ್ಲಿ ಮುಂದೆ ನಿಂತಿರೋದು ನೆಕೊಯಿ, ಗೆರೆ ತೆಳ್ಳಗೆ, ಪುಟದಲ್ಲಿ ಖಾಲಿ ಜಾಗ ಜಾಸ್ತಿ.

ಅದೂ ಅಲ್ದೆ ಬೇಕಂತಲೇ ಶೈಲಿ ಬದಲಾಯಿಸ್ತಾರೆ. ಆರ್‌ಜಿ ವೇದದಲ್ಲಿ ಒಂದಿಂಚು ಜಾಗ ಬಿಟ್ಟಿಲ್ಲ, ಕೂದಲು, ಒಡವೆ, ರಕ್ಕೆ, ಹೂವು ಅಂತ ಪುಟ ತುಂಬಿ ತುಳುಕುತ್ತೆ. ಕ್ಲೋವರ್‌ಗೆ ಬಂದ್ರೆ ಒಂದಿಡೀ ಪುಟದಲ್ಲಿ ಎರಡೇ ಸಣ್ಣ ಚೌಕ, ಉಳಿದಿದ್ದು ಬಿಳಿ ಇಲ್ಲ ಕಪ್ಪು. ಹಾಲಿಕ್‌ನಲ್ಲಿ ಹಳೇ ಜಪಾನಿ ಮರದಚ್ಚಿನ ಚಿತ್ರಗಳ ನೆನಪು ಬರೋ ಉದ್ದುದ್ದ ಆಕೃತಿಗಳು, ಹೊಗೆ, ಗಟ್ಟಿ ಕಪ್ಪು. ಒಂದೇ ಗುಂಪು ಅಂತ ಹೇಳದಿದ್ರೆ ನಂಬೋದೇ ಕಷ್ಟ. ಹಾಗಾಗಿ ಒಂದು ಪುಸ್ತಕ ಓದಿ ಕ್ಲ್ಯಾಂಪ್ ನನಗೆ ಹಿಡಿಸ್ಲಿಲ್ಲ ಅನ್ನೋರ ಮಾತು ನಾನು ಅರ್ಧ ಮಾತ್ರ ಒಪ್ತೀನಿ.

ಇನ್ನೊಂದು ವಿಷ್ಯ ಇದೆ, ಜಪಾನಲ್ಲಿ ಮಾಂಗಾ ಪತ್ರಿಕೆಗಳು ಹುಡುಗೀರಿಗೆ, ಹುಡುಗರಿಗೆ, ಯುವಕರಿಗೆ ಅಂತ ಬೇರೆ ಬೇರೆ, ಕಲಾವಿದರು ಸಾಮಾನ್ಯವಾಗಿ ಒಂದು ಬೀದಿ ಹಿಡಿದ್ರೆ ಅದರಲ್ಲೇ ಇರ್ತಾರೆ. ಇವರು ಹಾಗಲ್ಲ. ನಾಕಯೋಶಿ ಅನ್ನೋ ಸಣ್ಣ ಹುಡುಗೀರ ಪತ್ರಿಕೆಲಿ ಕಾರ್ಡ್‌ಕ್ಯಾಪ್ಟರ್ ಸಕುರಾ ಮುಗಿಸಿದ್ದು 2000ದಲ್ಲಿ, ಅದೇ ವರ್ಷ ಯುವಕರ ಯಂಗ್ ಮ್ಯಾಗಜೀನ್‌ನಲ್ಲಿ ಚೋಬಿಟ್ಸ್ ಶುರು, 2003ಕ್ಕೆ ಹುಡುಗರ ವೀಕ್ಲಿ ಶೋನೆನ್ ಮ್ಯಾಗಜೀನ್‌ನಲ್ಲಿ ತ್ಸುಬಾಸಾ. ಒಬ್ಬರೇ ಆಗಿದ್ರೆ ಇಷ್ಟು ಕಡೆ ಕೈ ಹಾಕೋಕೆ ಆಗ್ತಿತ್ತಾ? ನನಗೆ ಡೌಟು.

ಪ್ರಶ್ನೆ: ಆರ್‌ಜಿ ವೇದ ಅಂದ್ರೆ ನಮ್ಮ ಋಗ್ವೇದನಾ? ಜಪಾನಿನೋರು ಋಗ್ವೇದನ ಕಾಮಿಕ್ಸ್ ಮಾಡಿದ್ದಾರಾ? ಮನೇಲಿ ತಾತನಿಗೆ ಕೊಡಬಹುದಾ?

ಉತ್ತರ: ತಾತನಿಗೆ ಕೊಡೋ ಮುಂಚೆ ಇದನ್ನ ಓದಿ. ಹೆಸರು ಅಲ್ಲಿಂದಲೇ, ಆದ್ರೆ ಸೂಕ್ತ, ಋಷಿ, ಯಜ್ಞ ಹುಡುಕಿದ್ರೆ ಏನೂ ಸಿಗಲ್ಲ. ಕಥೆ ಪೂರ್ತಿ ಇವರದ್ದೇ. ತೈಶಾಕುತೆನ್ ಅನ್ನೋ ಸೇನಾನಿ ಸ್ವರ್ಗದ ದೊರೆಯನ್ನ ಕೊಂದು ಸಿಂಹಾಸನ ಹಿಡೀತಾನೆ, ಮುನ್ನೂರು ವರ್ಷ ಆದ್ಮೇಲೆ ಯಾಶಾ ಕುಲದ ರಾಜ ಒಬ್ಬ, ಮಂತ್ರದಲ್ಲಿ ಬಂಧಿಯಾಗಿ ಮಲಗಿದ್ದ ಆಶುರಾ ಕುಲದ ಕೊನೇ ಮಗೂನ ಎಬ್ಬಿಸ್ತಾನೆ, ಆರು ನಕ್ಷತ್ರ ಸೇರಿದ್ರೆ ಸ್ವರ್ಗ ಉರುಳುತ್ತೆ ಅಂತ ಭವಿಷ್ಯವಾಣಿ. ಈ ತೈಶಾಕುತೆನ್ ಬೇರೆ ಯಾರೂ ಅಲ್ಲ, ನಮ್ಮ ಇಂದ್ರ. ಯಾಶಾ ಯಕ್ಷ, ಕರುರಾ ಗರುಡ, ಕೆಂದಪ್ಪಾ ಗಂಧರ್ವ. ಇವರೆಲ್ಲ ಬೌದ್ಧ ಧರ್ಮದ ಜೊತೆ ಚೀನಾ ಮೇಲೆ ಹಾಯ್ದು ಜಪಾನ್ ಸೇರಿ, ಅಲ್ಲಿ ಸಾವಿರ ವರ್ಷಕ್ಕೂ ಮೇಲೆ ದೇವಸ್ಥಾನಗಳಲ್ಲಿ ಬುದ್ಧನ ಕಾವಲುಗಾರರಾಗಿ ನಿಂತಿದ್ದಾರೆ. ನಾರಾ ಊರಿನ ಕೊಫುಕುಜಿ ದೇವಾಲಯದಲ್ಲಿ ಮೂರು ಮುಖ ಆರು ಕೈಯ ಆಶುರಾ ವಿಗ್ರಹ ಇದೆ, ಎಂಟನೇ ಶತಮಾನದ್ದು, ಅಸುರ ಅಂದ್ರೆ ಕೋರೆಹಲ್ಲು ಅಂತ ಅಂದ್ಕೊಂಡು ಹೋದೋರಿಗೆ ಅಲ್ಲಿ ಕಾಣೋದು ಹುಬ್ಬು ಗಂಟು ಹಾಕ್ಕೊಂಡ ಎಳೇ ಹುಡುಗನ ಮುಖ. ಮಾಂಗಾದ ಆಶುರಾನೂ ಮಗು, ಆದ್ರೆ ಒಳಗೆ ಭಯಂಕರವಾದದ್ದು ಮಲಗಿದೆ, ಗಂಡೂ ಅಲ್ಲ ಹೆಣ್ಣೂ ಅಲ್ಲ. ಇಂದ್ರ ವಿಲನ್, ಅಸುರನ ಪರ ನಮ್ಮ ಕಣ್ಣೀರು, ಇದು ಕೆಲವರಿಗೆ ಇರುಸುಮುರುಸು ಆಗ್ಬಹುದು. ಆದ್ರೆ ಇಂದ್ರ ಕೂಡ ಬರೀ ಕೆಟ್ಟವನಲ್ಲ ಅನ್ನೋದು ಹತ್ತು ಸಂಪುಟದ ಕೊನೇಲಿ ಗೊತ್ತಾಗುತ್ತೆ, ಅದಕ್ಕಿಂತ ಜಾಸ್ತಿ ಹೇಳಿದ್ರೆ ನೀವು ಬೈತೀರ. ರಕ್ತಪಾತ ಮಾತ್ರ ವಿಪರೀತ. ತಾತ ಗಟ್ಟಿ ಆಳಾಗಿದ್ರೆ ಕೊಡಿ.

ಪ್ರಶ್ನೆ: ಎಕ್ಸ್ ಅನ್ನೋ ಸರಣಿ ಹದಿನೆಂಟು ಸಂಪುಟ ಓದಿ ಕೂತಿದ್ದೀನಿ, ಮುಂದಿನದ್ದು ಯಾವಾಗ?

ಉತ್ತರ: ನಿಮ್ಮ ಜೊತೆ ಜಗತ್ತೇ ಕೂತಿದೆ. 1992ರಲ್ಲಿ ಆಸುಕಾ ಪತ್ರಿಕೆಲಿ ಶುರುವಾಗಿ 2003ರಲ್ಲಿ ನಿಂತಿದ್ದು ಇನ್ನೂ ಹಾಗೇ ಇದೆ. ಕಥೆ 1999ರ ಟೋಕಿಯೋದ್ದು. ಊರಿನ ದೊಡ್ಡ ಕಟ್ಟಡಗಳೇ ಲೋಕವನ್ನ ಕಾಯೋ ರಕ್ಷಾಕವಚಗಳು, ಒಂದೊಂದು ಮುರಿದಾಗ್ಲೂ ಭೂಕಂಪ, ಸಾವಿರಾರು ಸಾವು, ಮಧ್ಯದಲ್ಲಿ ಕಾಮುಯಿ ಅನ್ನೋ ಹುಡುಗ. ಬರೀತಾ ಇರೋವಾಗಲೇ 1995ರ ಜನವರಿಲಿ ಕೋಬೆ ಭೂಕಂಪ ಆಯ್ತು, ಆರು ಸಾವಿರಕ್ಕೂ ಮೇಲೆ ಜನ ಸತ್ರು. ಆಮೇಲೆ ಕಟ್ಟಡ ಕುಸಿಯೋ ಚಿತ್ರ ಓದುಗರಿಗೆ ಬರೀ ಕಲ್ಪನೆ ಆಗಿ ಉಳೀಲಿಲ್ಲ, ಕಥೆ ಹೋಗ್ತಿದ್ದ ದಿಕ್ಕಿನ ಬಗ್ಗೆ ಸಂಪಾದಕರಿಗೂ ಅಳುಕು ಬಂತು. ರಿಂತಾರೋ ನಿರ್ದೇಶನದ 1996ರ ಸಿನಿಮಾ ಮತ್ತೆ 2001ರಲ್ಲಿ ಬಂದ ಟೀವಿ ಸರಣಿ ಎರಡಕ್ಕೂ ತಮ್ಮ ತಮ್ಮದೇ ಕೊನೆ ಇದೆ, ಆದ್ರೆ ಮಾಂಗಾದ ಕೊನೆ ಅದಲ್ಲ. ಅಲ್ಲಿ ತನಕ ಟೋಕಿಯೋ ಬ್ಯಾಬಿಲಾನ್ ಓದಿಲ್ಲ ಅಂದ್ರೆ ಓದಿ, ಏಳೇ ಸಂಪುಟ, ಪೂರ್ತಿ ಮುಗಿದಿದೆ. ಎಕ್ಸ್‌ನಲ್ಲಿ ಬರೋ ಸುಬಾರು, ಸೇಯಿಶಿರೋ ಇಬ್ಬರ ಹಳೇ ಲೆಕ್ಕ ಅಲ್ಲಿದೆ. ದೆವ್ವ ಬಿಡಿಸೋ ಹುಡುಗನ ಕಥೆ ಅಂತ ಶುರುವಾಗುತ್ತೆ, ಒಳಗೆ ಹೋದ್ರೆ ದೆವ್ವಕ್ಕಿಂತ ಊರಲ್ಲಿ ಒಂಟಿಯಾದ ಮನುಷ್ಯರೇ ಜಾಸ್ತಿ. ನನ್ನ ಕೇಳಿದ್ರೆ ಇವರ ಅತ್ಯುತ್ತಮ ಕೃತಿ ಅದೇ, ಸಕುರಾ ಅಭಿಮಾನಿಗಳು ಬೇಕಾದ್ರೆ ಪತ್ರ ಬರೀರಿ.

ಪ್ರಶ್ನೆ: ಸಕುರಾ ಅನಿಮೆಲಿ ಅವಳು ಹಿಡಿಯೋ ಮಂತ್ರದ ಕಾರ್ಡ್ ಐವತ್ತೆರಡು ಇತ್ತು, ಪುಸ್ತಕದಲ್ಲಿ ಅಷ್ಟು ಸಿಗ್ಲೇ ಇಲ್ಲ. ನನ್ನ ಪ್ರತಿಯಲ್ಲಿ ಪುಟ ಕಾಣೆಯಾಗಿದ್ಯಾ?

ಉತ್ತರ: ಪುಟ ಸರಿಯಾಗಿದೆ. ಮಾಂಗಾದಲ್ಲಿರೋದೇ ಹತ್ತೊಂಬತ್ತು. ಟೀವಿಗೆ ಎಪ್ಪತ್ತು ಕಂತು ಬೇಕಾಗಿತ್ತು, ಅದಕ್ಕೆ ಕಾರ್ಡೂ ಬೆಳೀತು. ಬೇರೆ ಯಾರೋ ಸೇರಿಸಿ ಹಾಳು ಮಾಡಿದ್ರು ಅಂತ ಹೇಳೋಕಾಗಲ್ಲ, ಆ ಅನಿಮೆಯ ಕಥೆ ಜೋಡಿಸಿದ್ದೂ ಓಕಾವಾ ಅವರೇ.

ಪ್ರಶ್ನೆ: ತ್ಸುಬಾಸಾ ಮೊದಲು ಓದ್ಬೇಕಾ, ಹಾಲಿಕ್ ಮೊದಲಾ?

ಉತ್ತರ: ಎರಡೂ 2003ರಲ್ಲಿ ಬೇರೆ ಬೇರೆ ಪತ್ರಿಕೆಲಿ ಒಟ್ಟೊಟ್ಟಿಗೆ ಬಂದಿದ್ದು, ಎರಡರ ಕಥೆಯೂ ಒಂದಕ್ಕೊಂದು ಹೆಣೆದಿದೆ, ಒಂದರಲ್ಲಿ ಕೊಟ್ಟ ಬೆಲೆ ಇನ್ನೊಂದರಲ್ಲಿ ಕೆಲಸಕ್ಕೆ ಬರುತ್ತೆ, ಆದ್ರಿಂದ ಆಸಕ್ತಿ ಇದ್ರೆ ಅಕ್ಕಪಕ್ಕ ಇಟ್ಕೊಂಡು ಓದಿ. ಹಾಲಿಕ್‌ನಲ್ಲಿ ಯೂಕೊ ಅನ್ನೋಳು ಕೇಳಿದ್ದನ್ನ ಕೊಡ್ತಾಳೆ, ಆದ್ರೆ ಅದಕ್ಕೆ ಸರಿಸಮ ಬೆಲೆ ತಗೋತಾಳೆ, ಅವಳ ಅಂಗಡಿಲಿ ದುಡಿಯೋ ವಾತಾನುಕಿ ಹುಡುಗನ ಕಣ್ಣಲ್ಲಿ ಕಥೆ ನಡೆಯುತ್ತೆ. ಒಂದೊಂದು ಕಂತೂ ಅಚ್ಚುಕಟ್ಟು. ತ್ಸುಬಾಸಾ ಇಪ್ಪತ್ತೆಂಟು ಸಂಪುಟ, ಹಳೇ ಕೃತಿಗಳ ಪಾತ್ರಗಳೆಲ್ಲ ಬೇರೆ ಲೋಕದಲ್ಲಿ ಬೇರೆ ಬದುಕು ಇಟ್ಕೊಂಡು ಬರ್ತಾರೆ, ಮೊದಲು ಮಜಾ, ಅರ್ಧದ ಮೇಲೆ ಯಾರು ಯಾರ ಪ್ರತಿರೂಪ ಅಂತ ಪೇಪರ್ ಪೆನ್ನು ತಗೊಂಡು ಕೂರ್ಬೇಕು, ನನಗಂತೂ ತಲೆ ಗಿರ್ ಅಂತು. ಒಂದೇ ಓದ್ತೀನಿ ಅಂದ್ರೆ ಹಾಲಿಕ್.

ಪ್ರಶ್ನೆ: ಹೀಗೆ ಒಟ್ಟಿಗೆ ಕೆಲಸ ಮಾಡಿದೋರು ಜಪಾನಲ್ಲಿ ಬೇರೆ ಯಾರಾದ್ರೂ ಇದ್ದಾರಾ?

ಉತ್ತರ: ಡೋರೆಮಾನ್ ನೋಡಿದ್ದೀರಲ್ಲ, ಅದರ ಮೇಲಿದ್ದ ಫುಜಿಕೊ ಫುಜಿಯೊ ಅನ್ನೋ ಹೆಸರೂ ಇಬ್ಬರದ್ದು, ಹಿರೋಶಿ ಫುಜಿಮೊಟೊ ಮತ್ತೆ ಮೊಟೊಒ ಅಬಿಕೊ ಅನ್ನೋ ಬಾಲ್ಯದ ಗೆಳೆಯರು. ಆದ್ರೆ ಅವರು ಬರಬರ್ತಾ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಥೆ ಬರೀತಿದ್ರು, ಡೋರೆಮಾನ್ ಫುಜಿಮೊಟೊ ಅವರೊಬ್ಬರದ್ದೇ, 1987ರಲ್ಲಿ ಹೆಸರನ್ನೂ ಬೇರೆ ಮಾಡ್ಕೊಂಡ್ರು. ಕ್ಲ್ಯಾಂಪ್ ಥರ ಒಂದೇ ಕಥೆ ಮೇಲೆ ನಾಲ್ವರೂ ಕೂತು ಇಷ್ಟು ವರ್ಷ ನಡೆಸಿದ್ದು ಅಪರೂಪ. 2024ರಲ್ಲಿ ಟೋಕಿಯೋದ ನ್ಯಾಷನಲ್ ಆರ್ಟ್ ಸೆಂಟರ್‌ನಲ್ಲಿ ಇವರ ದೊಡ್ಡ ಪ್ರದರ್ಶನವೇ ನಡೀತು, ದೋಜಿನ್‌ಶಿ ಮಾರ್ತಿದ್ದೋರಿಗೆ ರಾಷ್ಟ್ರೀಯ ಕಲಾಕೇಂದ್ರದ ಗೋಡೆ!

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಕ್ಲ್ಯಾಂಪ್ ಅಂತ ನೋಡಿ ಚೋಬಿಟ್ಸ್ ತಂದುಬಿಡ್ಲಾ? ಮುಖಪುಟ ಮುದ್ದಾಗಿದೆ.

ಉತ್ತರ: ಬೇಡ ಅಮ್ಮಾ, ಅದು ಯುವಕರ ಪತ್ರಿಕೆಯದ್ದು, ಮುದ್ದು ಮುಖಪುಟ ನೋಡಿ ಮೋಸ ಹೋಗ್ಬೇಡಿ. ಕಾರ್ಡ್‌ಕ್ಯಾಪ್ಟರ್ ಸಕುರಾ ತನ್ನಿ, ಹನ್ನೆರಡು ಸಂಪುಟ. ಸಕುರಾಗೂ ಶುರುವಲ್ಲಿ ಹೆಚ್ಚುಕಮ್ಮಿ ಅಷ್ಟೇ ವಯಸ್ಸು, ಸಾಹಸಕ್ಕೆ ಹೊರಟಾಗೆಲ್ಲ ಗೆಳತಿ ತೊಮೊಯೊ ಹೊಸ ಡ್ರೆಸ್ ಹೊಲಿದು ತರ್ತಾಳೆ, ವಿಡಿಯೋನೂ ಮಾಡ್ಕೋತಾಳೆ. ಜಪಾನಿನ ಕ್ರಮದಲ್ಲಿ ಅಚ್ಚಾದ ಪ್ರತಿ ಆಗಿದ್ರೆ ಬಲದಿಂದ ಎಡಕ್ಕೆ ಓದೋದು, ಮಗಳಿಗೆ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಕೊನೇ ಪುಟದಿಂದ ಶುರು ಮಾಡ್ತಾಳೆ.