ದುಪ್ಪಟ್ಟು ಅಂದ್ರೆ ಎಷ್ಟು, ಡಾಕ್ಟರೇ?

ಪತ್ರ: ಆರೋಗ್ಯದ ಸುದ್ದಿಯನ್ನು ಡಾಕ್ಟರುಗಳೇ ಬರೆಯಲಿ. ನಿಮ್ಮ ವರದಿಗಾರರಿಗೆ ನೀವು ಎರಡು ದಿನ ತರಬೇತಿ ಕೊಟ್ಟರೆ ಏನು ಬಂತು? ಹೈಪರ್‌ಟೆನ್ಷನ್ ರೋಗಿಗಳು ಸೋಡಿಯಂ ಸೇವನೆ ನಿಯಂತ್ರಿಸಬೇಕು ಎಂಬುದನ್ನಾದರೂ ಸರಿಯಾಗಿ ಬರೆಯುತ್ತಾರಾ?
– ನಿವೃತ್ತ ವೈದ್ಯರು, ಸಾಗರ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಸುಳ್ಳಲ್ಲ ಡಾಕ್ಟರೇ. ನೆಗಡಿಗೂ ಕ್ಯಾನ್ಸರಿಗೂ ಒಂದೇ ಕಷಾಯ ಬರೆಯುವವರು ನಮ್ಮಲ್ಲಿದ್ದಾರೆ. ಆದರೆ ಕಾಯಿಲೆ ಗೊತ್ತಿರುವುದು ಬೇರೆ, ಅದನ್ನು ಹೇಳಲು ಬರುವುದು ಬೇರೆ.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಕೆ ಕೊಟ್ಟಿತು. ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಅಂತ. ಪತ್ರಿಕೆಗಳೂ ಅದನ್ನೇ ಕೂಗಿದವು. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತ ಜಾಸ್ತಿಯಾದವು ಅಂತ ಅಂದಾಜು. ದುಪ್ಪಟ್ಟು ಅಂದ್ರೆ ಎಷ್ಟು? 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಎಚ್ಚರಿಕೆ ಕೊಟ್ಟವರು ನಿಮ್ಮ ಕಡೆಯವರೇ, ಅಲ್ವಾ? "ಎಷ್ಟು ಜನರಲ್ಲಿ?" ಅಂತ ಕೇಳುವುದನ್ನೇ ನಾವು ಹುಡುಗರಿಗೆ ಮೊದಲು ಕಲಿಸೋದು.

ನಿಮ್ಮ ಸೀಮೆಯದೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಕಾಯಿಲೆಗೆ ಮಂಗನ ಹೆಸರು ಅಂಟಿತು. ಹರಡುವುದು ಉಣುಗು ಅನ್ನೋ ರಕ್ತ ಹೀರುವ ಸಣ್ಣ ಹುಳ. ಪಾಪ, ಮಂಗವೂ ಆ ಕಾಯಿಲೆಯಿಂದಲೇ ಸಾಯುತ್ತದೆ. ಒಮ್ಮೆ ನಮ್ಮ ಮೇಜಿಗೆ ಪ್ರಕಟಣೆ ಬಂತು: "ಅರಣ್ಯಕ್ಕೆ ತೆರಳುವವರು ಕೀಟ ವಿಕರ್ಷಕ ತೈಲವನ್ನು ಲೇಪಿಸಿಕೊಳ್ಳತಕ್ಕದ್ದು." ನಮ್ಮ ಹೊಸ ಹುಡುಗಿ ಅದನ್ನು ಹೊಡೆದುಹಾಕಿ ಹೀಗೆ ಬರೆದಳು: "ದರಗು (ಒಣಗಿದ ಎಲೆ) ತರಲು ಹೋಗುವ ಮುಂಚೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಮೀಯಿರಿ." ಅಷ್ಟಕ್ಕೇ ಬಿಡಲಿಲ್ಲ. ಸತ್ತ ಮಂಗದ ಹತ್ತಿರ ಯಾಕೆ ಹೋಗಬಾರದು ಅಂತ ಫೋನ್ ಮಾಡಿ ಕೇಳಿದಳು. ಸತ್ತ ಮೈಯಿಂದ ಉಣುಗು ಉದುರಿ ಸುತ್ತಮುತ್ತ ಹರಡಿರುತ್ತವಂತೆ. ಪ್ರಕಟಣೆಯಲ್ಲಿ ಆ ಮಾತೇ ಇರಲಿಲ್ಲ. ನೀವು ಹೀಯಾಳಿಸಿದ ಎರಡು ದಿನದ ತರಬೇತಿಯಿಂದ ಬಂದವಳೇ ಅವಳು.

ನನ್ನ ಸಂಕಟ ಬೇರೆ ಇದೆ. ಪತ್ರಿಕೋದ್ಯಮ ಓದಿ ಬಂದವರಿಗೆ ಕ್ಯಾಮೆರಾ ಮುಂದೆ ನಿಲ್ಲೋಕೆ ಬರುತ್ತದೆ, ಶೇಕಡಾ ಲೆಕ್ಕ ಬರಲ್ಲ. ನಾವು ಸಂಪಾದಕರೋ, ಸುಮ್ನೆ ಕೂತಿದ್ದ ಕ್ರೈಂ ವರದಿಗಾರನನ್ನು ಆಸ್ಪತ್ರೆಗೆ ಓಡಿಸುತ್ತೇವೆ. ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅನ್ನುವ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಆರೋಗ್ಯದ ಪುಟದ ಕೆಳಗೇ ಅದು ಬಂದು ಕೂತಿರುತ್ತದೆ.

ಅಂದ ಹಾಗೆ, ನಿಮ್ಮ ಸೋಡಿಯಂ ಸಾಲನ್ನು ಆ ಹುಡುಗಿಗೇ ಕೊಟ್ಟೆ. "ಬಿಪಿ ಇದ್ದವರು ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ" ಅಂತ ತಿದ್ದಿದ್ದಾಳೆ. ಮುಂದಿನ ತರಬೇತಿಗೆ ನೀವೂ ಬನ್ನಿ. ಹಿಂದಿನ ಬೆಂಚು ಖಾಲಿ ಇದೆ.