ಡೋಸ್ ತಪ್ಪಿದರೆ ಮೈ ನಡುಗುತ್ತದೆ, ನನಗೆ ಚಟ ಹತ್ತಿದೆಯೇ?

ಬೆನ್ನುನೋವಿಗೆ ವರ್ಷದಿಂದ ಟ್ರಮಡಾಲ್ (ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ನೋವಿನ ಮಾತ್ರೆ), ಡೋಸ್ ತಪ್ಪಿದರೆ ಮೈ ನಡುಕ, ‘ಚಟವಾಗಿರಬೇಕು, ಇವತ್ತೇ ನಿಲ್ಲಿಸಿಬಿಡಲೇ?’ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ನಾನು ಹಾಗೆ ನಿಲ್ಲಿಸಿ ಕೆಟ್ಟವನು.

ದಿನಕ್ಕೆ 50 ಮಿಲಿಗ್ರಾಂನ ನಾಲ್ಕು ಮಾತ್ರೆ ನುಂಗುತ್ತಿದ್ದವನು ಒಂದು ಬೆಳಿಗ್ಗೆ ಪೂರ್ತಿ ಬಿಟ್ಟೆ. ಸಂಜೆಗೆ ಆಕಳಿಕೆ ಮೇಲೆ ಆಕಳಿಕೆ, ಮೂಗಲ್ಲಿ ನೀರು. ರಾತ್ರಿ ರೋಮವೆಲ್ಲ ನಿಮಿರಿ ಬೆವರು, ಹೊಟ್ಟೆ ಹಿಂಡಿ ಭೇದಿ. ‘ಇಷ್ಟೆಲ್ಲ ಆಗುತ್ತಿದೆ ಅಂದಮೇಲೆ ನಾನು ಚಟಗಾರನೇ’ ಎಂದು ತೀರ್ಮಾನಿಸಿದೆ. ಅದೇ ನನ್ನ ತಪ್ಪು. ನಾಚಿಕೆಯಿಂದ ವೈದ್ಯರಿಗೆ ಹೇಳಲಿಲ್ಲ. ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ನೋವು ತಾನಾಗಿಯೇ ಉಲ್ಬಣಿಸುತ್ತದೆ ಎಂದು ತಿಳಿಯದೆ, ಬೆನ್ನೇ ಇನ್ನಷ್ಟು ಕೆಟ್ಟಿತೆಂದು ಹೆದರಿದೆ. ಎರಡು ವಾರ ತಡೆದು, ತಾಳಲಾರದೆ ಮತ್ತೆ ಹಳೆಯ ಲೆಕ್ಕದಲ್ಲೇ ಶುರು ಮಾಡಿದೆ. ಅಷ್ಟರಲ್ಲಿ ದೇಹಕ್ಕೆ ಆ ಪ್ರಮಾಣದ ರೂಢಿ ತಪ್ಪಿತ್ತು. ತಲೆಸುತ್ತಿ ಬಿದ್ದು ಮಣಿಕಟ್ಟು ಮುರಿಯಿತು. ಇನ್ನೂ ಬಲವಾದ ಮಾರ್ಫಿನ್‌ನಂಥ ಔಷಧದಲ್ಲಿ ಇದೇ ತಪ್ಪಿಗೆ ಉಸಿರೇ ನಿಲ್ಲಬಹುದು.

ಆ ನಡುಕ ಏನು? ಓಪಿಯಾಯ್ಡ್ ಔಷಧ ಮೆದುಳಿನಲ್ಲಿ, ದೇಹವನ್ನು ಎಚ್ಚರದಲ್ಲಿಡುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಹೊರಸೂಸುವ ನರಕೋಶಗಳನ್ನು ಅದುಮಿಡುತ್ತದೆ. ತಿಂಗಳುಗಟ್ಟಲೆ ಅದುಮಿದರೆ ಅವು ಎದುರು ಒತ್ತಲು ಕಲಿಯುತ್ತವೆ. ಔಷಧ ಥಟ್ಟನೆ ತಪ್ಪಿದರೆ ಆ ಒತ್ತಡವೆಲ್ಲ ಒಮ್ಮೆಗೇ ಹೊರಬರುತ್ತದೆ. ಟ್ರಮಡಾಲ್ ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಮೇಲೂ ಕೆಲಸ ಮಾಡುವುದರಿಂದ ಕೆಲವರಿಗೆ ಗಾಬರಿ, ಕರೆಂಟ್ ಹೊಡೆದಂಥ ಅನುಭವವೂ ಆಗಬಹುದು. ಇದಕ್ಕೆ ದೈಹಿಕ ಅವಲಂಬನೆ ಎನ್ನುತ್ತಾರೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಥಟ್ಟನೆ ಬಿಟ್ಟರೂ ಎದೆ ಡವಗುಟ್ಟುತ್ತದೆ, ಆ ರೋಗಿಯನ್ನು ಯಾರೂ ಚಟಗಾರ ಎನ್ನುವುದಿಲ್ಲ.

ಚಟ ಬೇರೆ ಕಡೆ ಕಾಣುತ್ತದೆ. ತಿಂಗಳಿಗೆ ಬರೆದುಕೊಟ್ಟ 120 ಮಾತ್ರೆ ಇಪ್ಪತ್ತನೇ ದಿನಕ್ಕೇ ಮುಗಿಯುತ್ತವೆಯೇ? ನೋವಿಲ್ಲದ ದಿನವೂ ಮನಸ್ಸು ಹಗುರಾಗಲು, ನಿದ್ದೆಗೆ ನುಂಗುತ್ತೀರಾ? ಒಬ್ಬ ವೈದ್ಯರಿಗೆ ಹೇಳದೆ ಇನ್ನೊಬ್ಬರ ಬಳಿ ಚೀಟಿ ಬರೆಸುತ್ತೀರಾ? ಕೆಲಸ, ಸಂಬಂಧ ಕೆಡುತ್ತಿದ್ದರೂ ಬಿಡಲಾಗುತ್ತಿಲ್ಲವೇ? ಮನೋವೈದ್ಯರು ಬಳಸುವ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರಲ್ಲಿ 11 ಲಕ್ಷಣಗಳಿವೆ. 12 ತಿಂಗಳೊಳಗೆ ಕನಿಷ್ಠ 2 ಕಂಡರೆ ಓಪಿಯಾಯ್ಡ್ ವ್ಯಸನದ ರೋಗನಿರ್ಣಯ. ವೈದ್ಯರು ಹೇಳಿದಂತೆಯೇ ತೆಗೆದುಕೊಳ್ಳುವವರಲ್ಲಿ ‘ಪ್ರಮಾಣ ಸಾಲದಾಗುವುದು’, ‘ಬಿಟ್ಟರೆ ಹಿಂಸೆಯಾಗುವುದು’ ಇವೆರಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀವು ಬರೆದಿರುವುದು ಆ ಎರಡನೆಯದನ್ನು ಮಾತ್ರ. ಹಾಗಾಗಿ ‘ನಾನು ಚಟಗಾರನೇ’ ಎಂದು ಕೊರಗುವುದನ್ನು ಬಿಟ್ಟು ಇದನ್ನು ನೋಡಿ: ಮಾತ್ರೆಯಿಂದ ನಡೆಯುವುದು, ಕೂರುವುದು, ದುಡಿಯುವುದು ಸುಧಾರಿಸಿದೆಯೇ? ಇಲ್ಲವಾದರೆ ಚಟವಿರದಿದ್ದರೂ ಇಳಿಸಬೇಕು.

ಇಳಿಸುವುದಾದರೆ ವೈದ್ಯರ ಜೊತೆಗೇ. ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ತಿಂಗಳಿಗೆ ಸುಮಾರು ಶೇ 10 ಇಳಿಕೆ ಹೆಚ್ಚಿನವರಿಗೆ ಒಗ್ಗುತ್ತದೆ. 200 ಮಿಲಿಗ್ರಾಂನಲ್ಲಿ ಅದು 20. ಗೆರೆಯಿರುವ ಸಾದಾ 50ರ ಮಾತ್ರೆಯನ್ನು ಅರ್ಧ ಮಾಡಿದರೆ 25, ಅದು ಹತ್ತಿರದ ಲೆಕ್ಕ. ಮಧ್ಯಾಹ್ನದ ಡೋಸಿನಿಂದ ಶುರುಮಾಡಿ, ರಾತ್ರಿಯದನ್ನು ಕೊನೆಗಿಡುವುದು ನನಗೆ ಸರಿಹೋಯಿತು, ನಿದ್ದೆ ಕೆಡಲಿಲ್ಲ. ಒಂದು ಮೆಟ್ಟಿಲಲ್ಲಿ ಕಷ್ಟವಾದರೆ ಅಲ್ಲೇ ಕೆಲವು ವಾರ ನಿಲ್ಲಿ. ಕೊನೆಯ ಮೆಟ್ಟಿಲುಗಳೇ ಕಠಿಣ, ಅಲ್ಲಿ ಇನ್ನೂ ನಿಧಾನ. ಎಸ್‌ಆರ್ ಎಂದು ಬರೆದಿರುವ, ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಯನ್ನು ಎಂದೂ ಮುರಿಯಬೇಡಿ, ಗಂಟೆಗಟ್ಟಲೆ ಬಿಡಬೇಕಾದ ಔಷಧ ಒಟ್ಟಿಗೆ ರಕ್ತಕ್ಕೆ ಸೇರುತ್ತದೆ. ಫಿಟ್ಸ್ ಇದ್ದರೆ, ಖಿನ್ನತೆಯ ಅಥವಾ ನಿದ್ದೆಯ ಮಾತ್ರೆ ನಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.